ಮೂಲೆಮೂಲೆಯನ್ನೂ ತೊಳೆದು

ತಮ್ಮನ ಮನೆಯವರಿಗೆಲ್ಲ ಒಬ್ಬೊಬ್ಬರಾಗಿ ನಾಚಿಕೆ ಶುರುವಾಯಿತು. ನಗುವ ಮಾತಲ್ಲ ಇದು. ಮೊದಲು ನಕ್ಕವಳೂ ಅಕ್ಕನೇ, ಆಮೇಲೆ ನಿದ್ದೆಗೆಟ್ಟವಳೂ ಅಕ್ಕನೇ.

ತಮ್ಮ ಎಂಥವನು ಅಂತ ಹೇಳದಿದ್ದರೆ ಇದು ಅರ್ಥವಾಗುವುದಿಲ್ಲ. ಅವನು ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನು. ಬಾಯಿ ಬಿಟ್ಟನೆಂದರೆ ಆ ತುದಿಯಲ್ಲಿ ಲಾರಿಯಿಂದ ಮೂಟೆ ಇಳಿಸುವವರೂ ತಿರುಗಿ ನೋಡಬೇಕು. ಮನೆಗೆ ಬಂದರೂ ಅದೇ ಗಂಟಲು. ಲೋಟ ನೀರು ಕೇಳಿದರೂ ಅಕ್ಕಪಕ್ಕದವರಿಗೆ ಬಾಯಾರಿಕೆಯಾಗಬೇಕು. ಅವನ ಹೆಂಡತಿ ಮಾತಿನವಳಲ್ಲ, ಕೈಯವಳು. ಶಾಲೆ ಕಾಲೇಜುಗಳ ಪ್ರಶಸ್ತಿಪತ್ರಗಳ ಮೇಲೆ ಹೆಸರು ಬರೆದುಕೊಡುವುದು ಅವಳ ಕೆಲಸ. ಅಕ್ಷರ ಅಂದರೆ ಮುತ್ತು ಪೋಣಿಸಿದ ಹಾಗೆ. ಇವರಿಬ್ಬರ ಮಗಳಿಗೆ ಏಳು ವರ್ಷ, ಮನೆಮಂದಿಯೆಲ್ಲ ಕರೆಯುವುದು ಚಿನಕುರುಳಿ ಅಂತ. ಅತ್ತೆ ಬಂದಳೆಂದರೆ ಮೆಟ್ಟಿಲ ಮೇಲೇ ಎದುರಾಗಿ, ಕೈಚೀಲ ಕಸಿದುಕೊಂಡು, ಏದುಸಿರು ಬಿಡುತ್ತಿದ್ದವಳ ತಲೆ ತಿನ್ನಲು ಅಲ್ಲಿಂದಲೇ ಶುರುಮಾಡುತ್ತಿದ್ದಳು.

ಅವರು ಹೊಸ ಮನೆಗೆ ಹೋಗಿ ಐದು ತಿಂಗಳಾಗಿದ್ದಾಗ ಒಂದು ಭಾನುವಾರ ಅಕ್ಕ ನಾಲ್ಕು ಮಹಡಿ ಹತ್ತಿದಳು. ಮೆಟ್ಟಿಲ ಮೇಲೆ ಯಾರೂ ಎದುರಾಗಲಿಲ್ಲ. ಉದ್ದನೆಯ ಪಡಸಾಲೆಯಲ್ಲಿ ಎರಡೂ ಕಡೆ ಸೇರಿ ಹನ್ನೆರಡು ಬಾಗಿಲು. ತಮ್ಮನದು ಎಡಗಡೆ ಕೊನೆಯದು. ಬೆಲ್ ಒತ್ತಿದಳು. ಬಾಗಿಲು ಬೆರಳು ತೂರುವಷ್ಟು ತೆರೆದು ನಿಂತಿತು.

"ಯಾರು?" ತಮ್ಮನ ಧ್ವನಿಯೇ, ಆದರೆ ಪಿಸುಮಾತು.

"ನಾನು ಕಣೋ. ಇನ್ಯಾರು ಬರ್ತಾರೆ ಈ ಏಣಿ ಹತ್ತಿ?"

"ಒಬ್ಳೇನಾ ಅಕ್ಕ?"

ಒಳಗೆ ಚಿನಕುರುಳಿ ಕಿಟಕಿಯ ಪರದೆಯ ಹಿಂದೆ ನಿಂತಿದ್ದಳು. ಪರದೆಯ ಕೆಳಗೆ ಎರಡು ಪಾದ ಮಾತ್ರ ಕಾಣುತ್ತಿದ್ದವು. ಕಣ್ಣಾಮುಚ್ಚಾಲೆ ಅಂದುಕೊಂಡು ಅಕ್ಕ ಹುಡುಕುವ ನಾಟಕ ಮಾಡಿದಳು. ಹುಡುಗಿ ನಗಲಿಲ್ಲ. ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಿಂದ ತಂದಿದ್ದ ಪುಟ್ಟ ಡಬ್ಬಿಯನ್ನು ಪರದೆಯ ಹತ್ತಿರ ಹಿಡಿದಾಗ, ಕಣ್ಣೊಳಗೆ ಇಡುವ ಲೆನ್ಸಿಗೆ ಅಂತ ಮಾಡಿದ ಎರಡು ಮುಚ್ಚಳದ ಡಬ್ಬಿ ಅದು, ಒಂದು ಕೈ ಹೊರಗೆ ಬಂತು, ತೆಗೆದುಕೊಂಡಿತು, ಒಳಗೆ ಹೋಯಿತು. ಅಷ್ಟೇ.

"ಈ ಮನೆಗೆ ಬಂದ ಮೇಲೆ ಹೀಗೆ ಸಂಕೋಚ ಜಾಸ್ತಿ ಆಗಿದೆ ಅತ್ತಿಗೆ," ಅಂದಳು ತಮ್ಮನ ಹೆಂಡತಿ. ಅವಳೂ ಗೋಡೆಯ ಕಡೆ ನೋಡಿಕೊಂಡೇ ಅಂದಳು.

ಆಮೇಲಿನ ತಿಂಗಳುಗಳಲ್ಲಿ ಅದು ಏರುತ್ತಲೇ ಹೋಯಿತು. ತಮ್ಮ ಕೂಗುವುದನ್ನು ಬಿಟ್ಟು ತೂಕದ ಚೀಟಿ ಬರೆಯುವ ಮೂಲೆ ಸೇರಿಕೊಂಡ. "ಕೂಗೋಕೆ ನಿಂತ್ರೆ ಎಲ್ರೂ ನನ್ನನ್ನೇ ನೋಡ್ತಾರೆ ಅಕ್ಕ," ಅಂದ. ಇಪ್ಪತ್ತು ವರ್ಷ ಅದಕ್ಕೇ ಅಲ್ಲವೇನೋ ನೀನು ಅಲ್ಲಿ ನಿಂತಿದ್ದು, ಅಂದುಕೊಂಡಳು ಅಕ್ಕ. ಸುಮ್ಮಸುಮ್ಮನೆ ಸಿಡುಕುವುದು, ಆಮೇಲೆ ಅಳುವುದು. ಹೆಂಡತಿ ಎರಡು ಕೈಗಳನ್ನೂ ತೊಡೆಯ ಕೆಳಗೆ ಹಾಕಿಕೊಂಡು ಕೂರಲು ಶುರುಮಾಡಿದಳು. ಕೈ ನಡುಗುವುದು ಯಾರಿಗೂ ಕಾಣಿಸಬಾರದಿತ್ತು. ಡಾಕ್ಟರು ಮನಸ್ಸಿನ ಒತ್ತಡ ಅಂದು ನಿದ್ದೆ ಮಾತ್ರೆ ಬರೆದುಕೊಟ್ಟರು.

ಅಕ್ಕನಿಗೆ ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು, ಆದರೆ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅವಳು ಪಡಸಾಲೆಯಲ್ಲಿ ನಡೆದು ಬರುವಾಗ ಉಳಿದ ಹನ್ನೊಂದು ಬಾಗಿಲುಗಳೂ ಅದೇ ಥರ ಬೆರಳಿನಷ್ಟು ತೆರೆದುಕೊಳ್ಳುತ್ತಿದ್ದವು. ಪ್ರತಿ ಸಂದಿಯಲ್ಲೂ ಒಂದೊಂದು ಕಣ್ಣು. ಅವಳು ತಿರುಗಿದರೆ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತಿದ್ದವು.

ಈಗ ಅಕ್ಕನ ವಿಷಯ. ಅವಳಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ಚೌಕಟ್ಟಿಗೆ ಕೂರುವ ಹಾಗೆ ಅಂಚು ತೇಯುವುದು, ಕೂದಲೆಳೆ ಹೆಚ್ಚಾದರೂ ಮತ್ತೆ ತೇಯುವುದು. ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದ ಮೇಲಿನ ಎರಡು ಗಂಟೆ ಅವಳದೇ. ಆಗ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತು, ಯಾರು ಬೇಕಾದರೂ ಬರೆಯಬಹುದಾದ ಅಂತರ್ಜಾಲದ ವಿಶ್ವಕೋಶಕ್ಕೆ ಬರೆಯುತ್ತಿದ್ದಳು. ಸಂಬಳವಿಲ್ಲ, ಸನ್ಮಾನವಿಲ್ಲ, ಬರೆದವರ ಹೆಸರು ಓದುವವರೂ ಇಲ್ಲ. ಆದರೂ ಒಂಬತ್ತು ವರ್ಷದಿಂದ ಬಿಟ್ಟಿರಲಿಲ್ಲ. ಅಲ್ಲಿ ಪರಿಚಯವಾದವರೆಲ್ಲ ಅವಳಿಗೆ ಪುರಾವೆಯಕ್ಕ ಅಂತ ಅಡ್ಡಹೆಸರಿಟ್ಟಿದ್ದರು. ಯಾರೇ ಒಂದು ಸಾಲು ಸೇರಿಸಲಿ, ಕೆಳಗೆ ಇವಳ ಪ್ರಶ್ನೆ ಬಂದು ಕೂರುತ್ತಿತ್ತು: ಪುರಾವೆ ಎಲ್ಲಿ? ಹೊಸಬರು ಎಷ್ಟೋ ಮಂದಿ ಇವಳ ಕಾಟಕ್ಕೆ ಕೈಮುಗಿದು ಓಡಿಹೋಗಿದ್ದರು.

ಇಂಥವಳಿಗೂ ಒಂದು ಕಳ್ಳಗಂಟು ಇತ್ತು.

ಆ ಬರವಣಿಗೆಯವರ ಕಷ್ಟ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಪುರಾವೆ ಅಂದರೆ ಸಂಶೋಧನಾ ಲೇಖನ ಬೇಕು. ಲೇಖನಗಳೆಲ್ಲ ಪತ್ರಿಕೆಗಳ ಬೀಗದೊಳಗೆ ಇರುತ್ತವೆ, ಚಂದಾ ಕಟ್ಟಿದವರಿಗೆ ಮಾತ್ರ. ವಿಶ್ವವಿದ್ಯಾಲಯದವರಿಗೆ ಬೀಗ ತೆರೆಯುತ್ತದೆ, ಗಾಜು ಉಜ್ಜುವವಳಿಗೆ ಯಾರು ತೆರೆಯುತ್ತಾರೆ? ಬೀಗದ ಹೊರಗೆ ಬಿಟ್ಟಿಯಾಗಿ ಸಿಗುವುದು ನಾಲ್ಕು ಸಾಲಿನ ಸಾರಾಂಶ ಮಾತ್ರ. ಅದಷ್ಟನ್ನೇ ಓದಿ, ಇಡೀ ಲೇಖನ ಓದಿದವರ ಹಾಗೆ ಅಡಿಟಿಪ್ಪಣಿ ಹಾಕುವ ಚಾಳಿ ಅಲ್ಲಿ ಹಲವರಿಗಿತ್ತು. ತಮ್ಮತಮ್ಮಲ್ಲೇ ಅದನ್ನು ಹೊಸ್ತಿಲ ಓದು ಅಂತ ಆಡಿಕೊಳ್ಳುತ್ತಿದ್ದರು. ಹೊಸ್ತಿಲ ಓದು ಕಂಡರೆ ಅಕ್ಕ ಉರಿದುಬೀಳುತ್ತಿದ್ದಳು. ಆದರೆ ನಾಲ್ಕು ವರ್ಷದ ಹಿಂದೆ ತಾನೇ ಒಂದು ಸಲ, ಒಂದೇ ಒಂದು ಸಲ, ಅದನ್ನು ಮಾಡಿದ್ದಳು.

ಪುಟ ಇದ್ದದ್ದು ನಗರದ ಹಳೆಯ ಥರ್ಮಾಮೀಟರ್ ಕಾರ್ಖಾನೆಯ ಮೇಲೆ. ಒಂದು ಕಾಲಕ್ಕೆ ಅಲ್ಲಿ ಜ್ವರ ನೋಡುವ ಗಾಜಿನ ಕಡ್ಡಿಗಳಿಗೆ ಪಾದರಸ ತುಂಬುತ್ತಿದ್ದರು. ಅದು ಮುಚ್ಚಿದ ಮೇಲೆ ಕಟ್ಟಡದಲ್ಲಿ ಪಾದರಸ ಉಳಿದಿದೆಯೇ ಅಂತ ಇಬ್ಬರು ವೈದ್ಯರು ಪರೀಕ್ಷಿಸಿ ಬರೆದ ಲೇಖನವೊಂದಿತ್ತು, ನಲವತ್ತು ವರ್ಷ ಹಳೆಯದು, ಬೀಗದೊಳಗಿನದು. ಅದರ ಸಾರಾಂಶದಲ್ಲಿ ಕಟ್ಟಡವನ್ನು ಶುಚಿಗೊಳಿಸಲಾಯಿತೆಂದೂ, ಕೆಳಗಿನ ಎರಡು ಅಂತಸ್ತುಗಳಲ್ಲಿ ಅಳತೆ ಮಿತಿಯೊಳಗೆ ಬಂತೆಂದೂ, ಮೇಲಿನ ಅಂತಸ್ತುಗಳ ಚರ್ಚೆ ಒಳಗಿದೆಯೆಂದೂ ಇತ್ತು. ಅಕ್ಕ ಬರೆದದ್ದು ಹೀಗೆ: 'ಕಾರ್ಖಾನೆ ಮುಚ್ಚಿದ ಮೇಲೆ ಕಟ್ಟಡದ ಮೂಲೆಮೂಲೆಯನ್ನೂ ತೊಳೆದು ಶುಚಿ ಮಾಡಲಾಗಿದೆ. ಈಗ ಅಲ್ಲಿ ವಾಸಕ್ಕೆ ಯಾವ ಭಯವೂ ಇಲ್ಲ.' ಮೂಲೆಮೂಲೆ ಅನ್ನುವುದು ಸಾರಾಂಶದಲ್ಲಿ ಎಲ್ಲೂ ಇರಲಿಲ್ಲ. ಅದು ಅವಳ ಅಮ್ಮನ ಮಾತು. ಪೊರಕೆ ಕೈಗೆ ಕೊಡುವಾಗೆಲ್ಲ ಅಮ್ಮ ಹೇಳುತ್ತಿದ್ದದ್ದು. ವಾಕ್ಯ ಬೋಳಾಗಿ ಕಂಡಿತು ಅಂತ ಸೇರಿಸಿಬಿಟ್ಟಿದ್ದಳು.

ಆ ಕಟ್ಟಡವನ್ನು ಮನೆಗಳಾಗಿ ಮಾಡಿ ಬಾಡಿಗೆಗೆ ಕೊಟ್ಟಾಗ ತಮ್ಮ ಫೋನ್ ಮಾಡಿದ್ದ.

"ಅಕ್ಕ, ನೀನು ಬರ್ದಿದ್ಯಲ್ಲ, ಅದೇ ಕಟ್ಟಡದಲ್ಲಿ ಮನೆ ಸಿಕ್ಕಿದೆ. ಪಾದರಸ ಗೀದರಸ ಅಂತಾರೆ ಜನ. ಹೋಗ್ಬಹುದಾ?"

"ಧಾರಾಳವಾಗಿ ಹೋಗು. ಪುರಾವೆ ಇಲ್ದೆ ನಾನು ಬರೀತೀನೇನೋ?"

ಹೋದ. ಅದು ನಡೆದು ಈಗ ಹನ್ನೊಂದು ತಿಂಗಳು.

ವಿಶ್ವಕೋಶದ ಸ್ವಯಂಸೇವಕರಿಗೂ ಬೀಗದ ಕೀಲಿ ಕೊಡುವ ಏರ್ಪಾಡೊಂದು ಅದಕ್ಕೂ ಮೊದಲೇ ಶುರುವಾಗಿತ್ತು. ಇಷ್ಟು ವರ್ಷ, ಇಷ್ಟು ತಿದ್ದುಪಡಿ ಅಂತ ಲೆಕ್ಕ ತೋರಿಸಿ ಅರ್ಜಿ ಹಾಕಿದರೆ, ಒಂದು ವರ್ಷದ ಮಟ್ಟಿಗೆ ದೊಡ್ಡ ಗ್ರಂಥಾಲಯದ ಪತ್ರಿಕೆಗಳೆಲ್ಲ ಮನೆಯಲ್ಲೇ ತೆರೆಯುತ್ತಿದ್ದವು. ಸರದಿ ಉದ್ದವಿತ್ತು. ಅಕ್ಕ ಹದಿನಾಲ್ಕು ತಿಂಗಳು ಕಾದಳು. ಒಂದು ಮಂಗಳವಾರ ಮಧ್ಯಾಹ್ನ, ಊಟದ ಡಬ್ಬಿ ಇನ್ನೂ ಬಿಚ್ಚಿರಲಿಲ್ಲ, ಕೀಲಿ ಬಂದಿದೆ ಅಂತ ಪತ್ರ ಬಂತು. ಮೊದಲು ಯಾವುದನ್ನು ತೆರೆಯಬೇಕು ಅಂತ ಅವಳು ಯೋಚಿಸಲೇ ಇಲ್ಲ. ನಾಲ್ಕು ವರ್ಷದಿಂದ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಲೇಖನ ಅದು.

ಹನ್ನೊಂದು ಪುಟ. ಮೊದಲ ಮೂರು ಪುಟ ಸಾರಾಂಶ ಹೇಳಿದ್ದನ್ನೇ ಹೇಳಿದವು. ಅಕ್ಕ ನಿಟ್ಟುಸಿರು ಬಿಟ್ಟಳು. ನಾಲ್ಕನೆಯ ಪುಟದಲ್ಲಿ ಹೀಗಿತ್ತು: ಪಾದರಸ ತುಂಬುತ್ತಿದ್ದ ಕೋಣೆಗಳು ನಾಲ್ಕನೇ ಮಹಡಿಯಲ್ಲಿದ್ದವು. ಆ ಮಹಡಿಯನ್ನು ತೊಳೆದಿಲ್ಲ. ನೆಲದ ಹಲಗೆಗಳನ್ನು ಎತ್ತಿಲ್ಲ. ಹಲಗೆಯ ಸಂದಿಗಳಲ್ಲಿ ಪಾದರಸ ಬರಿಗಣ್ಣಿಗೆ ಕಾಣುತ್ತದೆ. ಕಿಟಕಿ ಮುಚ್ಚಿ ಕೋಣೆ ಬೆಚ್ಚಗೆ ಮಾಡಿದರೆ ಅದು ಆವಿಯಾಗಿ ಉಸಿರಿಗೆ ಸೇರುತ್ತದೆ. ಅತಿಯಾದ ಸಂಕೋಚ, ಸಿಡುಕು, ಕೈನಡುಕ ಆ ವಿಷದ ಲಕ್ಷಣಗಳು.

ಆಮೇಲೆ, ಆ ಮಹಡಿಯಲ್ಲಿ ವಾಸವಿದ್ದ ಕಾವಲುಗಾರನ ಕುಟುಂಬದ ವಿವರ. ಎಡಗಡೆಯ ಕೊನೆಯ ಮನೆ. ನಡುವೆ ಒಂದು ಕಬ್ಬಿಣದ ಕಂಬ. ಆ ಕಂಬದ ಮೇಲೆ ಚಿನಕುರುಳಿಯ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಹಾಕಿದವಳು ಅಕ್ಕನೇ. ಮುಂದೆ ಓದಿದಳು.

'ಗಂಡಸು. ಮೊದಲು ಮಾತುಗಾರನೆಂದು ನೆರೆಯವರ ಹೇಳಿಕೆ. ಈಗ ಜನರೆದುರು ಬರಲು ಒಪ್ಪುವುದಿಲ್ಲ. ನಮ್ಮ ಪ್ರಶ್ನೆಗಳಿಗೆ ಬಾಗಿಲ ಹಿಂದಿನಿಂದ ಉತ್ತರಿಸಿದ. ಹೆಂಗಸು. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಾಳೆ. ಬರಹದ ಮಾದರಿ ಕೆಳಗಿದೆ. ಹೆಣ್ಣುಮಗು, ಏಳು ವರ್ಷ. ಪರದೆಯ ಹಿಂದೆ ನಿಲ್ಲುತ್ತದೆ. ಪಾದಗಳನ್ನು ಮಾತ್ರ ಪರೀಕ್ಷಿಸಲು ಸಾಧ್ಯವಾಯಿತು.'

ಅಕ್ಕ ಆ ಸಾಲುಗಳನ್ನು ಮತ್ತೊಮ್ಮೆ ಓದಿದಳು. ನಲವತ್ತು ವರ್ಷದ ಹಿಂದೆ ಯಾರೋ ತನ್ನ ತಮ್ಮನ ಮನೆಗೆ ಹೋಗಿ, ಎಲ್ಲ ನೋಡಿ, ಬರೆದಿಟ್ಟು ಹೋಗಿದ್ದರು. ಬರಹದ ಮಾದರಿಯಲ್ಲಿ ಹೆಂಗಸು ತನ್ನ ಹೆಸರನ್ನೇ ಮೂರು ಸಲ ಬರೆದಿದ್ದಳು. ಮೂರನೆಯದು ಅಕ್ಷರವೇ ಅಲ್ಲ, ನಡುಗುವ ಒಂದು ಗೆರೆ. ಕೊನೆಯ ಪ್ಯಾರಾ ಚಿಕ್ಕದು. 'ವರ್ಷದೊಳಗೆ ಮನೆ ಬಿಟ್ಟ ಇತರರಲ್ಲಿ ಲಕ್ಷಣಗಳು ಕ್ರಮೇಣ ಇಳಿದವು. ಕಟ್ಟಡ ಶುಚಿಯಾಗಿದೆಯೆಂದು ಮಾಲೀಕರು ಹೇಳಿದ್ದರಿಂದ ಈ ಕುಟುಂಬ ಮನೆ ಬಿಡಲಿಲ್ಲ. ಎರಡನೇ ವರ್ಷದ ನಮ್ಮ ಭೇಟಿಯ ಹೊತ್ತಿಗೆ ಮಗು ಮಾತು ನಿಲ್ಲಿಸಿತ್ತು.'

ಹನ್ನೊಂದು ತಿಂಗಳು. ಇನ್ನೊಂದೇ ತಿಂಗಳು.

ಬೇರೆ ಯಾರಾಗಿದ್ದರೂ ಚಪ್ಪಲಿ ಮೆಟ್ಟಿಕೊಂಡು ಓಡುತ್ತಿದ್ದರು. ಇವಳು ಏನು ಮಾಡಿದಳು ಗೊತ್ತೇ? ಪುಟ ತಿದ್ದಲು ಕೂತಳು! ಅಲ್ಲಿ ತಪ್ಪು ಕುಳಿತಿರುವಾಗ ಎದ್ದು ಹೋಗಲು ಅವಳ ಕಾಲೇ ಏಳಲಿಲ್ಲ. ಅಂಥ ಜನ ಅವರು, ಏನು ಹೇಳೋಣ. ಹಳೆಯ ಎರಡು ವಾಕ್ಯ ಅಳಿಸಿದಳು, ನಾಲ್ಕನೇ ಮಹಡಿ ತೊಳೆದಿಲ್ಲ, ಅಲ್ಲಿ ವಾಸ ಅಪಾಯ ಅಂತ ಬರೆದಳು, ಪುಟಸಂಖ್ಯೆ ಸಮೇತ ಪುರಾವೆ ಕೊಟ್ಟಳು, ಉಳಿಸಿದಳು. ಫೋನ್ ಕೈಗೆತ್ತಿಕೊಳ್ಳುವಷ್ಟರಲ್ಲಿ ಹಳೆಯ ವಾಕ್ಯಗಳು ತಮ್ಮ ಜಾಗಕ್ಕೆ ವಾಪಸ್ ಬಂದಿದ್ದವು.

ಹಾಗೆ ಮಾಡಿದವನು ಹಳೇಗೋಡೆ ಅನ್ನುವ ಅಡ್ಡಹೆಸರಿನ ಇನ್ನೊಬ್ಬ ಸ್ವಯಂಸೇವಕ. ನಗರದ ಹಳೆಯ ಕಟ್ಟಡಗಳ ಪುಟಗಳನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಕಾಯುವವನು, ಕೆಟ್ಟವನಲ್ಲ. ಚರ್ಚೆಯ ಜಾಗದಲ್ಲಿ ವಿನಯವಾಗಿ ಬರೆದಿದ್ದ: 'ಪುರಾವೆಯಕ್ಕ, ನೀವು ಹೇಳುವ ಲೇಖನ ನನಗೆ ತೆರೆಯುತ್ತಿಲ್ಲ, ಬೀಗ ಹಾಕಿದೆ. ಆದರೆ ಕಟ್ಟಡ ಶುಚಿಯಾಗಿದೆ ಎಂದು ಮೂರು ಮೂಲಗಳು ಹೇಳುತ್ತವೆ. ಎಲ್ಲರಿಗೂ ತೆರೆಯುವಂಥವು.'

ಅಕ್ಕ ಮೂರನ್ನೂ ತೆರೆದಳು. ಒಂದು ದಿನಪತ್ರಿಕೆಯ ಅಂಕಣ, ಎರಡು ವರ್ಷದ ಹಿಂದಿನದು: ಮೂಲೆಮೂಲೆಯನ್ನೂ ತೊಳೆದು ಶುಚಿ ಮಾಡಲಾಗಿದೆ. ಒಂದು ಹಳೆಯ ಕಟ್ಟಡಗಳ ಪರಿಚಯದ ಪುಸ್ತಕ: ಮೂಲೆಮೂಲೆಯನ್ನೂ ತೊಳೆದು. ಕಟ್ಟಡದ ಮಾಲೀಕರ ಕರಪತ್ರ: ಮೂಲೆಮೂಲೆಯನ್ನೂ. ಅವಳ ಅಮ್ಮನ ಮಾತು ಮೂರು ಅಪರಿಚಿತ ಬಾಯಿಗಳಿಂದ ಅವಳಿಗೇ ವಾಪಸ್ ಬರುತ್ತಿತ್ತು. ಅದು ಎಲ್ಲಿಂದ ಬಂತೆಂದು ಅವರಲ್ಲಿ ಯಾರೂ ಹೇಳಿರಲಿಲ್ಲ. 'ಆ ಮೂರೂ ನಾನೇ,' ಅಂತ ಹಳೇಗೋಡೆಗೆ ಬರೆದಳು. 'ಲೇಖನ ಓದದೆ ಬರೆದೆ. ಅವರು ನನ್ನನ್ನು ನಕಲು ಮಾಡಿದರು. ಹನ್ನೊಂದು ಪುಟವನ್ನೂ ಕಳಿಸಿದ್ದೇನೆ, ಓದಿ ನೋಡಿ.' ಆಗ ಗೋಡೆಯ ಗಡಿಯಾರ ನೋಡಿದಳು. ಒಂದೂವರೆ ಗಂಟೆ ಕಳೆದುಹೋಗಿತ್ತು.

ತಮ್ಮ ಫೋನ್ ಎತ್ತಲಿಲ್ಲ. ಈಚೆಗೆ ಅವನು ಯಾರ ಫೋನನ್ನೂ ಎತ್ತುತ್ತಿರಲಿಲ್ಲ. ಲೇಖನವನ್ನು ಅಚ್ಚುಹಾಕಿ ಮಡಚಿ ಕೈಯಲ್ಲಿ ಹಿಡಿದು, ಅಂಗಡಿಗೆ ಬೀಗ ಜಡಿದು, ಅಕ್ಕ ಬಸ್ಸು ಹತ್ತಿದಳು.

ನಾಲ್ಕನೇ ಮಹಡಿಯಲ್ಲಿ ಮೂರು ಗಂಟೆಯ ಬಿಸಿಲು ಕಿಟಕಿಯಿಂದ ಪಡಸಾಲೆಯ ಹಲಗೆಗಳ ಮೇಲೆ ಬಿದ್ದಿತ್ತು. ಹನ್ನೊಂದು ತಿಂಗಳಲ್ಲಿ ಮೊದಲ ಸಲ ಅವಳು ಕೆಳಗೆ ನೋಡಿಕೊಂಡು ನಡೆದಳು. ಸಂದಿಗಳಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ ಮಿಣುಕುತ್ತಿತ್ತು. ಹೆಜ್ಜೆ ಇಟ್ಟರೆ ಹಲಗೆ ಅಲುಗುತ್ತಿತ್ತು, ಚುಕ್ಕೆಗಳೂ ಅಲುಗುತ್ತಿದ್ದವು. ಎರಡೂ ಕಡೆ ಬಾಗಿಲುಗಳು ಬೆರಳಿನಷ್ಟು ತೆರೆದುಕೊಂಡವು.

ತಮ್ಮನ ಬಾಗಿಲೂ ಅಷ್ಟೇ ತೆರೆಯಿತು.

"ಬಾಗ್ಲು ಪೂರ್ತಿ ತೆಗಿ," ಅಂದಳು ಅಕ್ಕ. "ಈಗಲೇ ಎಲ್ರೂ ಈ ಮನೆ ಬಿಡ್ಬೇಕು. ನಡೀರಿ."

"ಇವತ್ತು ಬೇಡ ಅಕ್ಕ. ಇನ್ನೊಂದಿನ ಬಾ."

ಅವಳು ಭುಜ ಕೊಟ್ಟು ತಳ್ಳಿ ಒಳಗೆ ಹೋದಳು. ತಮ್ಮ ಕಂಬದ ಹಿಂದೆ ಸರಿದು ನಿಂತ. ಅಷ್ಟು ದೊಡ್ಡ ಆಳು, ಕಂಬದ ಹಿಂದೆ! ಅವನ ಹೆಂಡತಿ ಮೇಜಿನ ಮುಂದೆ ಕೈ ಅಡಗಿಸಿಕೊಂಡು ಕೂತಿದ್ದಳು. ಎದುರಿಗಿದ್ದ ಪ್ರಶಸ್ತಿಪತ್ರದ ಮೇಲೆ ಹೆಸರಿನ ಜಾಗದಲ್ಲಿ ಒಂದು ನಡುಗುವ ಗೆರೆ ಇತ್ತು. ಅಕ್ಕನಿಗೆ ಆ ಗೆರೆಯ ಗುರುತು ಸಿಕ್ಕಿತು. ಕಿಟಕಿಗಳೆಲ್ಲ ಮುಚ್ಚಿದ್ದವು, ಹೀಟರ್ ಉರಿಯುತ್ತಿತ್ತು. ಪರದೆಯ ಕೆಳಗೆ ಎರಡು ಪಾದ.

ಅವಳು ಲೇಖನ ಬಿಚ್ಚಿ ಹೇಳತೊಡಗಿದಳು. ತಮ್ಮ ಕೇಳಲಿಲ್ಲ. ಗೋಡೆಗೆ ಅಂಟಿಸಿದ್ದ ಮಾಲೀಕರ ಕರಪತ್ರ ತೋರಿಸಿ ಇದ್ದಕ್ಕಿದ್ದಂತೆ ಸಿಡಿದ. "ಇಲ್ನೋಡು. ಭಯ ಇಲ್ಲ ಅಂತ ಬರ್ದಿದೆ. ನೀನೂ ಅದನ್ನೇ ಬರ್ದಿದೀಯ. ನಿಂದು ನೋಡ್ಕೊಂಡೇ ನಾನು ಬಂದಿದ್ದು. ಪುರಾವೆ ಇಲ್ದೆ ಬರಿಯೋಳಲ್ಲ ನನ್ನಕ್ಕ."

ಅಕ್ಕನಿಗೆ ನಾಚಿಕೆಯಾಯಿತು. ಆ ಮನೆಯಲ್ಲಿ ನಿಜವಾಗಿ ನಾಚಿಕೆಪಡಬೇಕಾಗಿದ್ದವಳು ಅವಳೊಬ್ಬಳೇ.

"ಓದ್ದೇ ಬರ್ದೆ ಕಣೋ," ಅಂದಳು. "ಬೀಗ ಹಾಕಿತ್ತು. ಹೊರಗಿದ್ದ ನಾಲ್ಕು ಸಾಲು ನೋಡಿ, ಉಳ್ದದ್ದನ್ನ ನಾನೇ ಸೇರಿಸ್ದೆ. ಮೂಲೆಮೂಲೆ ಅಂತ ಯಾರೂ ಹೇಳಿರ್ಲಿಲ್ಲ. ಅದು ನಮ್ಮಮ್ಮನ ಮಾತು. ನಿಂಗೂ ಗೊತ್ತು. ನಾನು ಸುಳ್ಳು ಬರ್ದೆ."

ತಮ್ಮ ಅವಳ ಮುಖ ನೋಡಿದ. ತಿಂಗಳುಗಳ ಮೇಲೆ ಅವನು ಯಾರದಾದರೂ ಮುಖವನ್ನು ನೇರ ನೋಡಿದ್ದು ಆಗಲೇ. ಅಷ್ಟರಲ್ಲಿ ಪರದೆಯ ಹಿಂದಿನಿಂದ ಒಂದು ಕೈ ಹೊರಗೆ ಬಂತು. ಅಂಗೈಯಲ್ಲಿ ಅತ್ತೆ ಕೊಟ್ಟಿದ್ದ ಎರಡು ಮುಚ್ಚಳದ ಡಬ್ಬಿ.

"ಅತ್ತೆ, ನಿಂಗೇ ಅಂತ ಕೂಡಿಟ್ಟಿದೀನಿ," ಎಂದಿತು ಪರದೆ. "ಬೆಳ್ಳಿ ಸಾಸಿವೆ. ಮಂಚದ ಕೆಳಗೆ ಇನ್ನೂ ತುಂಬಾ ಇದೆ."

ಅಕ್ಕ ಡಬ್ಬಿ ತೆಗೆದುಕೊಂಡಳು. ಹೆಬ್ಬೆರಳಿನಷ್ಟಿದ್ದ ಡಬ್ಬಿ ಕಲ್ಲಿನ ಭಾರವಿತ್ತು. ಒಳಗೆ ಏನೋ ಮೆಲ್ಲಗೆ ಹೊರಳಿತು. ತಮ್ಮ ಅದನ್ನು ನೋಡಿದ, ಮಗಳ ಕೈ ನೋಡಿದ, ಕೈ ಸಣ್ಣಗೆ ಅದುರುತ್ತಿತ್ತು. ಅವನು ಪರದೆ ಸರಿಸಿ ಮಗಳನ್ನು ಎತ್ತಿಕೊಂಡ. ಹುಡುಗಿ ಅಪ್ಪನ ಕುತ್ತಿಗೆಯಲ್ಲಿ ಮುಖ ಹುದುಗಿಸಿದಳು. ಅಕ್ಕ ಡಬ್ಬಿಯನ್ನು ಮೇಜಿನ ಮೇಲೇ ಬಿಟ್ಟು, ಹೀಟರ್ ಆರಿಸಿ, ಕಿಟಕಿಗಳನ್ನು ಒಂದೊಂದಾಗಿ ತೆರೆದಳು. ಯಾವುದಕ್ಕೆ ಪಾದರಸ ಹತ್ತಿದೆಯೋ ಅಂತ ಗಂಟು ಕಟ್ಟಲು ಬಿಡಲಿಲ್ಲ. ಉಟ್ಟ ಬಟ್ಟೆಯಲ್ಲೇ ಹೊರಡಿಸಿದಳು. ಬಾಗಿಲ ಹತ್ತಿರ ಹುಡುಗಿಯ ಬೊಂಬೆಯನ್ನೂ ಕಸಿದು ಒಳಗೇ ಎಸೆದಳು.

"ಕೆಳಗೆ ಹೋಗಿ ಆಟೋ ಹಿಡಿರಿ. ಸೀದಾ ದೊಡ್ಡಾಸ್ಪತ್ರೆಗೆ. ಪಾದರಸ ಅಂತ ಮೊದ್ಲೇ ಹೇಳ್ಬೇಕು, ಈ ಕಾಗದ ತೋರ್ಸಿ," ಅಂತ ಮೊದಲ ಪುಟಗಳನ್ನು ತಮ್ಮನ ಹೆಂಡತಿಯ ಕೈಗೆ ಕೊಟ್ಟಳು. ಮಗು ಮಾತು ನಿಲ್ಲಿಸಿದ್ದನ್ನು ಹೇಳುವ ಕೊನೆಯ ಪುಟವನ್ನು ಕೊಡಲಿಲ್ಲ.

"ನೀವು ಬರಲ್ವಾ ಅತ್ತಿಗೆ?"

"ಬರ್ತೀನಿ. ಇಲ್ಲೊಂದು ಕೆಲ್ಸ ಇದೆ."

ಅವರ ಹೆಜ್ಜೆ ಸದ್ದು ಮೆಟ್ಟಿಲಿಳಿದು ಹೋಯಿತು. ಪಡಸಾಲೆಯಲ್ಲಿ ಅಕ್ಕ ಒಬ್ಬಳೇ ಉಳಿದಳು, ಮತ್ತೆ ಹನ್ನೊಂದು ಸಂದಿಗಳು. ಈ ಸಲ ಅವಳು ತಿರುಗಿದರೂ ಅವು ಮುಚ್ಚಿಕೊಳ್ಳಲಿಲ್ಲ. ಪಕ್ಕದ ಬಾಗಿಲಿಗೆ ಹೋಗಿ ನಿಂತಳು.

"ನೋಡಿ," ಅಂದಳು. "ಈ ಮನೆ ಬಿಟ್ಬಿಡಿ. ನೆಲದಲ್ಲಿ ಪಾದರಸ ಇದೆ. ಇದನ್ನ ತೊಳ್ದೇ ಇಲ್ಲ."

ಸಂದಿಯೊಳಗಿನ ಕಣ್ಣು ಒಂದು ಸಲ ರೆಪ್ಪೆ ಬಡಿಯಿತು. ಒಳಗಿಂದ ಹೆಂಗಸಿನ ಧ್ವನಿ, ಮೆತ್ತಗೆ, ಬಾಯಿಪಾಠ ಒಪ್ಪಿಸುವ ಹಾಗೆ ಬಂತು.

"ಮೂಲೆಮೂಲೆಯನ್ನೂ ತೊಳೆದು ಶುಚಿ ಮಾಡಲಾಗಿದೆ."

"ಈಗ ಅಲ್ಲಿ ವಾಸಕ್ಕೆ ಯಾವ ಭಯವೂ ಇಲ್ಲ," ಅಂತ ಎದುರು ಬಾಗಿಲ ಸಂದಿಯಿಂದ ಒಬ್ಬ ಗಂಡಸು ಪಿಸುಗುಟ್ಟಿದ.

ಅದಕ್ಕೂ ಆಚೆಯ ಸಂದಿಗಳಿಂದಲೂ ಅದೇ ಮಾತು ಬರುತ್ತಿತ್ತು, ಒಂದಾದ ಮೇಲೊಂದು, ಯಾರೂ ದನಿ ಎತ್ತದೆ. ಅವಳು ಬರೆದದ್ದೇ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಕ್ಕನ ಕಣ್ಣು ಕೆಳಗಿಳಿಯಿತು. ತಾನು ನಿಂತಿದ್ದ ಬಾಗಿಲಿನ ಸಂದಿಯಲ್ಲಿ, ಹೆಂಗಸಿನ ಪಾದಗಳ ಹಿಂದೆ, ಇನ್ನೂ ಎರಡು ಪಾದಗಳಿದ್ದವು, ಪುಟ್ಟವು.

ಬಾಗಿಲು ಮುಚ್ಚಿಕೊಳ್ಳತೊಡಗಿತು. ಅಕ್ಕ ಸಂದಿಗೆ ಕೈ ಕೊಟ್ಟಳು. ಬಾಗಿಲು ಬೆರಳುಗಳ ಮೇಲೆ ಒತ್ತಿತು, ಅವಳು ಹಿಂದೆಗೆಯಲಿಲ್ಲ.

"ಅದನ್ನ ಬರ್ದೋಳು ನಾನೇ," ಅಂದಳು. "ಓದ್ದೇ ಬರ್ದೆ. ಬಾಗ್ಲು ತೆಗಿಯಮ್ಮ, ಓದಿ ಹೇಳ್ತೀನಿ."